ಸುಣ್ಣದ ಡಬ್ಬಿ ಮತ್ತು ಸಣ್ಣ ಶೀಸೆ

ಕಳೆದ ಶ್ರಾವಣ ಮಾಸದಲ್ಲಿ ನಮ್ಮ ಮೊಮ್ಮಗನು ಪುಣೆಯ ಕಾಲೇಜಿನಿಂದ ನಿಪ್ಪಾಣಿಯ ಮನೆಗೆ ಬಂದಿದ್ದನು. ಅವನ ಅಂಗಿಯನ್ನು ಒಗೆಯಲು ತೆಗೆದಾಗ ನಮ್ಮ ಮನೆಯವರಿಗೆ ಜೇಬಿನಲ್ಲಿ ಎರಡು ವಸ್ತುಗಳು ಸಿಕ್ಕವು. ಒಂದು, ದಪ್ಪ ಪೆನ್ನಿನಂಥ ಸಾಧನ. ಇನ್ನೊಂದು, ಕಣ್ಣಿಗೆ ಹಾಕುವ ಔಷಧಿಯ ಶೀಸೆಯಂಥ ಪುಟ್ಟ ಶೀಸೆ. ಮುಚ್ಚಳ ತೆಗೆದರೆ ಮಾವಿನಹಣ್ಣಿನ ವಾಸನೆ. ಮೇಲೆ ‘ನಿಕೋಟಿನ್ ಸಾಲ್ಟ್, 50 ಮಿ.ಗ್ರಾಂ’ ಎಂದು ಅಚ್ಚಾಗಿತ್ತು.

ಪೂಜೆ ಮುಗಿಸಿ ಪಡಸಾಲೆಗೆ ಬಂದ ನಾವು ಅವನನ್ನು ಕರೆದು ಕೇಳಿದೆವು. ಅವನು ಏನನ್ನೂ ಮುಚ್ಚಿಡಲಿಲ್ಲ.

“ಅಜ್ಜಾ, ಇದು ತಂಬಾಕ ಅಲ್ರಿ. ಹೊಗಿ ಇಲ್ಲ, ಬೂದಿ ಇಲ್ಲ. ಸಾಲ್ಟ್ ಅಂದ್ರ ಉಪ್ಪು, ಅಷ್ಟ. ನೀವು ದಿನಾ ಹಾಕ್ಕೊಳ್ಳೂದಕ್ಕಿಂತ ಇದು ಪಾಡ,” ಎಂದನು.

ನಮಗೆ ಮಾತೇ ಹೊರಡಲಿಲ್ಲ. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಇಷ್ಟಲಿಂಗ, ಪಕ್ಕದಲ್ಲಿ ತಂಬಾಕು-ಸುಣ್ಣದ ಡಬ್ಬಿ! ನಾವು ಕುಳಿತಿದ್ದ ಮನೆಯೂ ಬೀಡಿ ತಂಬಾಕು ಬೆಳೆದ ಹೊಲದ ಹಣದಿಂದ ಎದ್ದದ್ದು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನಾವು ಬೈಯುವುದನ್ನು ಬಿಟ್ಟು, ಆ ಶೀಸೆಯಲ್ಲಿರುವುದೇನೆಂದು ಅವನೊಂದಿಗೆ ಕುಳಿತು ತಿಳಿಯುವುದೇ ಸರಿಯೆಂದು ನಿಶ್ಚಯಿಸಿದೆವು. ಅಂದು ತಿಳಿದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

1560ರ ಸುಮಾರಿಗೆ ಪೋರ್ತುಗಲ್ಲಿನಿಂದ ಫ್ರಾನ್ಸಿನ ಅರಮನೆಗೆ ತಂಬಾಕನ್ನು ಕಳುಹಿಸಿದ ಝಾನ್ ನಿಕೋ ಎಂಬ ರಾಯಭಾರಿಯ ಹೆಸರಿನಿಂದಲೇ ನಿಕೋಟಿನ್ ಎಂಬ ಹೆಸರು ಬಂದಿತು. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪೋಸೆಲ್ಟ್ ಮತ್ತು ರೈಮನ್ ಎಂಬವರು ಅದನ್ನು ಎಲೆಯಿಂದ ಬೇರ್ಪಡಿಸಿದರು. ಅದು ಸ್ವಭಾವದಿಂದ ಪ್ರತ್ಯಾಮ್ಲ. 2003ರಲ್ಲಿ ಚೀನಾದ ಔಷಧಿತಜ್ಞ ಹೋನ್ ಲಿಕ್ ರೂಪಿಸಿದ ಇ-ಸಿಗರೇಟಿನ ಬಳಿಕ ಅದು ದ್ರವದಲ್ಲಿ ಬೆರೆತು ಮಾರಾಟಕ್ಕೆ ಬಂದಿತು. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆ ಮತ್ತು ನಿಕೋಟಿನ್—ಇವೇ ಆ ದ್ರವದ ಮುಖ್ಯ ಪದಾರ್ಥಗಳು.

ಮೊದಲು ಬಳಕೆಯಲ್ಲಿದ್ದುದು ‘ಫ್ರೀಬೇಸ್’, ಅಂದರೆ ಬಿಡಿ ನಿಕೋಟಿನ್. ಅದು ಗಂಟಲನ್ನು ಉರಿಸುತ್ತದೆ. ಪ್ರಮಾಣ ಹೆಚ್ಚಿದರೆ ಕೆಮ್ಮು ಬರುತ್ತದೆ. ಹೀಗೆ ಗಂಟಲೇ ಕಾವಲುಗಾರನಾಗಿ ಸೇದುವವನನ್ನು ತಡೆಯುತ್ತಿತ್ತು. ಎರಡನೆಯದು ‘ಸಾಲ್ಟ್’. ಬಿಡಿ ನಿಕೋಟಿನ್‌ಗೆ ಬೆಂಜಾಯಿಕ್ ಆಮ್ಲದಂಥ ಆಮ್ಲವನ್ನು ಕೂಡಿಸಿದಾಗ ಅದು ಲವಣವಾಗುತ್ತದೆ. ರಸಾಯನಶಾಸ್ತ್ರದ ಲವಣವೆಂದರೆ ಅಡುಗೆಯ ಉಪ್ಪಲ್ಲ. ಆಮ್ಲವು ನಿಕೋಟಿನ್ನಿನ ಉರಿಯನ್ನು ತಗ್ಗಿಸುತ್ತದೆ, ವಿಷವನ್ನಲ್ಲ. ಕಾವಲುಗಾರನು ನಿದ್ರೆಹೋದ ಮನೆಯಂತೆ, ಹೆಚ್ಚು ಪ್ರಮಾಣವು ಸದ್ದಿಲ್ಲದೆ ಒಳನುಗ್ಗುತ್ತದೆ. 2015ರಲ್ಲಿ ಅಮೆರಿಕದಲ್ಲಿ ಬಂದ ಜೂಲ್ ಎಂಬ ಸಾಧನವು ಈ ಲವಣದಿಂದಲೇ ಅಲ್ಲಿಯ ಶಾಲಾಮಕ್ಕಳವರೆಗೂ ಹಬ್ಬಿತು. ಮೂರನೆಯದು ಪ್ರಯೋಗಶಾಲೆಯಲ್ಲಿ ಮಾಡಿದ ಕೃತಕ ನಿಕೋಟಿನ್. ‘ತಂಬಾಕುರಹಿತ’ ಎಂಬ ಚೀಟಿಯನ್ನು ಅಂಟಿಸಿ ಅದನ್ನು ಮಾರಿದರು. ಹುಟ್ಟು ಬೇರೆಯಾದರೂ ಚಟ ಹಿಡಿಸುವ ಗುಣ ಬೇರೆಯಲ್ಲ. ಆದ್ದರಿಂದ 2022ರ ಮಾರ್ಚಿಯಲ್ಲಿ ಅಮೆರಿಕವು ಕಾನೂನನ್ನು ತಿದ್ದಿ ಅದನ್ನೂ ತಂಬಾಕಿನ ನಿಯಂತ್ರಣದೊಳಗೆ ತಂದಿತು.

ಮೊಮ್ಮಗನ ಕೈಗೇ ಕಾಗದ ಕೊಟ್ಟು ಲೆಕ್ಕ ಹಾಕಿಸಿದೆವು. ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ. ಎರಡು ಮಿಲಿಲೀಟರಿಗೆ 100 ಮಿಲಿಗ್ರಾಂ. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವುದು ಸುಮಾರು 1ರಿಂದ 2 ಮಿಲಿಗ್ರಾಂ ಮಾತ್ರ. ಯುರೋಪಿನ ಒಕ್ಕೂಟವು ಮಿಲಿಲೀಟರಿಗೆ 20 ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಿದೆ. ನಮ್ಮ ರಾಜ್ಯದಲ್ಲಿ 2016ರಲ್ಲಿಯೂ ಇಡೀ ದೇಶದಲ್ಲಿ 2019ರಲ್ಲಿಯೂ ಇದರ ಮಾರಾಟವು ನಿಷೇಧವಾಗಿದೆ. ಹೊಗೆಯಿಲ್ಲವೆಂಬ ಅವನ ಮಾತು ನಿಜವೇ. ಎಲೆ ಉರಿಯದಿರುವುದರಿಂದ ಸಿಗರೇಟಿನ ಟಾರು ಇದರಲ್ಲಿ ಇಲ್ಲ. ಆದರೆ ಬೆಳೆಯುತ್ತಿರುವ ಮಿದುಳಿಗೆ ನಿಕೋಟಿನ್ ಹಾಕುವ ಸಂಕೋಲೆಗೆ ಹೊಗೆ ಬೇಕಿಲ್ಲ. ಲೆಕ್ಕ ಮುಗಿದಾಗ ಅವನ ಮುಖ ಸಪ್ಪಗಾಯಿತು.

ಆದರೆ ಅಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮದು ಅರ್ಧಸತ್ಯವಾಗುತ್ತಿತ್ತು. ತಂಬಾಕಿನ ಎಲೆಯಲ್ಲಿಯೂ ನಿಕೋಟಿನ್ ಹೆಚ್ಚಾಗಿ ಆಮ್ಲಗಳೊಂದಿಗೆ ಲವಣವಾಗಿಯೇ ಇರುತ್ತದೆ. ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿದಾಗ ಸುಣ್ಣದ ಕ್ಷಾರವು ಅದನ್ನು ಬಿಡಿಸುತ್ತದೆ. ಬಿಡಿಯಾದ ನಿಕೋಟಿನ್ ಬಾಯಿಯ ಒಳಪದರದಿಂದ ಬೇಗನೆ ರಕ್ತಕ್ಕೆ ಇಳಿಯುತ್ತದೆ. ಶೀಸೆ ಮಾಡಿದವರು ಆಮ್ಲ ಬೆರೆಸಿದರು, ನಾವು ಕ್ಷಾರ ಬೆರೆಸಿದೆವು. ಹಾದಿ ಬೇರೆ, ಮುಟ್ಟುವ ಊರು ಒಂದೇ. ಜೊತೆಗೆ ನಮ್ಮ ಹಾದಿಯಲ್ಲಿ ಬಾಯಿಯ ಕ್ಯಾನ್ಸರಿನ ಭಯವೂ ಉಂಟು. ಇದನ್ನು ಮೊಮ್ಮಗನ ಮುಂದೆ ಒಪ್ಪಿಕೊಳ್ಳುವಾಗ ನಮ್ಮ ತಲೆ ತಾನಾಗಿಯೇ ತಗ್ಗಿತು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾಗುವವರೆಗೆ ಊರೂರು ತಿರುಗಿ, ಜೋಳಿಗೆಯಲ್ಲಿ ಕಾಣಿಕೆಯ ಬದಲು ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಮಹಾಂತ ಜೋಳಿಗೆಯ ಕಥೆಯನ್ನು ನಾವು ಎಷ್ಟೋ ಸಭೆಗಳಲ್ಲಿ ಹೇಳಿದ್ದೆವು, ಜೇಬಿನಲ್ಲಿ ಡಬ್ಬಿಯನ್ನು ಇಟ್ಟುಕೊಂಡೇ!

ಅಂದು ಸಂಜೆ ನಮ್ಮ ಮನೆಯವರು ಮಾತನಾಡದೆ ಒಂದು ಹಳೆಯ ಬಟ್ಟೆಯ ಚೀಲವನ್ನು ತಂದು ನಮ್ಮಿಬ್ಬರ ನಡುವೆ ಇಟ್ಟರು. ಮೊದಲು ಡಬ್ಬಿ ಬಿದ್ದಿತು, ಆಮೇಲೆ ಶೀಸೆ. ಮೊದಲ ವಾರ ನಮಗೆ ನಿದ್ದೆ ಬರಲಿಲ್ಲ, ಸಿಟ್ಟು ಮೂಗಿನ ತುದಿಗೇ ಇತ್ತು. ಮೊಮ್ಮಗನು ಪುಣೆಗೆ ಮರಳಿ ಎರಡು ಬಾರಿ ಜಾರಿದನು. ಎರಡು ಬಾರಿಯೂ ತಾನೇ ಫೋನು ಮಾಡಿ ಹೇಳಿದನು. ನಾವೂ ಒಮ್ಮೆ ಜಾರಿದೆವು, ಅವನಿಗೆ ಹೇಳಿದೆವು. ಈಗ ವೈದ್ಯರ ಸಲಹೆಯನ್ನೂ ಇಬ್ಬರೂ ಪಡೆಯುತ್ತಿದ್ದೇವೆ. ಪ್ರತಿ ಸೋಮವಾರ ಪೂಜೆಯ ನಂತರ ಫೋನು ಬರುತ್ತದೆ. “ಅಜ್ಜಾ, ಚೀಲ ಹಂಗs ಐತೇನ್ರಿ?” ಎಂದು ಕೇಳುತ್ತಾನೆ. “ಹಂಗs ಐತಿ ತಮ್ಮಾ,” ಎನ್ನುತ್ತೇವೆ.

ಮಕ್ಕಳ ಜೇಬಿನಲ್ಲಿ ಇಂಥ ಶೀಸೆಯನ್ನು ಕಂಡ ತಾಯಿತಂದೆಯರು ಕೂಗಾಡುವ ಮೊದಲು ಅದರ ಮೇಲಿನ ಅಕ್ಷರಗಳನ್ನು ಅವರೊಂದಿಗೆ ಕುಳಿತು ಓದಬೇಕು. ತಮ್ಮ ಜೇಬನ್ನೂ ಒಮ್ಮೆ ಮುಟ್ಟಿ ನೋಡಿಕೊಳ್ಳಬೇಕು. ಶರಣು ಶರಣಾರ್ಥಿ.