ಹೆಸರಿಗೊಂದು ಬೇಲಿ

ನಮ್ಮ ಹುಣಸೂರು ತಾಲ್ಲೂಕಿನ ಗುರುಪುರದ ಕಡೆ ಮೊಬೈಲು ಫೋನಿನ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯ ಸಿಗುವುದು ಕಷ್ಟ. 'ಇದರಿಂದ ಹುಡುಗರು ಹಾಳಾದರು' ಎನ್ನುವ ಹಿರಿಯರು ಆ ಮಾತನ್ನು ಫೋನಿನಲ್ಲಿಯೇ ಇನ್ನೊಬ್ಬರಿಗೆ ಹೇಳುತ್ತಿರುತ್ತಾರೆ. 'ಚಿಲ್ಲರೆ ಕಾಟ ತಪ್ಪಿತು' ಎಂದು ಚಹಾ ಅಂಗಡಿಯವನು ಹೊಗಳಿದರೆ, 'ಎಲ್ಲೋ ಒತ್ತಿದೆ, ದುಡ್ಡು ಹೋಯಿತು' ಎಂದು ಪಕ್ಕದವನು ಶಪಿಸುತ್ತಾನೆ. ಟಿಬೆಟನ್ ಶಿಬಿರದ ಲಾಮಾ ಒಬ್ಬರು ಎರಡನ್ನೂ ಕೇಳಿ ನಗುತ್ತ, ಕೆಂಪು ವಸ್ತ್ರದ ಮಡಿಕೆಯಿಂದ ಫೋನು ತೆಗೆದು, ಚಹಾದ ಬಾಕಿ ತೀರಿಸಿ ಹೊರಡುತ್ತಾರೆ. ಇಷ್ಟು ಭಿನ್ನಮತಗಳ ನಡುವೆ ಎಲ್ಲರೂ ಒಪ್ಪಿ ಬಳಸುವ ಮಾತು ಒಂದೇ: 'ಫೋನ್ ಪೇ ಮಾಡಿದೆ.' ದುಡ್ಡು ಹೋದದ್ದು ಬೇರೊಂದು ಕಂಪನಿಯ ತಂತ್ರಾಂಶದ ಮೂಲಕವೇ ಇರಬಹುದು. ಬಾಯಲ್ಲಿ ಬರುವ ಹೆಸರು ಮಾತ್ರ ಅದೇ.

ನಾನು ಕನ್ನಡ ಪಾಠ ಹೇಳುವವನು. ನಮ್ಮ ಭಾಷೆಯಲ್ಲಿ 'ಮಾಡು' ಎಂಬ ಕ್ರಿಯಾಪದದ ಹೊಟ್ಟೆ ಬಹಳ ದೊಡ್ಡದು. ಯಾವ ಕಂಪನಿಯ ಹೆಸರನ್ನು ಕೊಟ್ಟರೂ ನುಂಗಿ ಜೀರ್ಣಿಸಿಕೊಳ್ಳುತ್ತದೆ. ಜೆರಾಕ್ಸ್ ಮಾಡು, ಗೂಗಲ್ ಮಾಡು, ಈಗ ಫೋನ್ ಪೇ ಮಾಡು. ತಮ್ಮ ಹೆಸರು ಎಲ್ಲರ ನಾಲಿಗೆಯ ಮೇಲಿದೆ ಎಂದು ಕಂಪನಿಗಳು ಹಿಗ್ಗುತ್ತವೆಂದು ನೀವು ಭಾವಿಸಬಹುದು. ಹಿಗ್ಗೂ ಉಂಟು, ದಿಗಿಲೂ ಉಂಟು. ಹೆಸರು ಒಬ್ಬರ ಸರಕನ್ನು ಬಿಟ್ಟು ಇಡೀ ಜಾತಿಯ ಸರಕನ್ನೇ ಸೂಚಿಸತೊಡಗಿದರೆ ಅದರ ಮೇಲಿನ ಹಕ್ಕು ಕೈಬಿಟ್ಟುಹೋಗುತ್ತದೆ. ಓಟಿಸ್ ಎಂಬ ಅಮೆರಿಕದ ಕಂಪನಿ 1950ರಲ್ಲಿ 'ಎಸ್ಕಲೇಟರ್' ಎಂಬ ಹೆಸರನ್ನು ಕಳೆದುಕೊಂಡದ್ದು ಹೀಗೆಯೇ. ಇಂದು ಅದು ಚಲಿಸುವ ಮೆಟ್ಟಿಲಿಗೆಲ್ಲ ಹೆಸರು. ಜೆರಾಕ್ಸ್ ಕಂಪನಿಯವರಂತೂ ದಯವಿಟ್ಟು ನಮ್ಮ ಹೆಸರನ್ನು ಕ್ರಿಯಾಪದ ಮಾಡಬೇಡಿರೆಂದು ಜಾಹೀರಾತು ಕೊಟ್ಟು ಬೇಡಿಕೊಂಡರು. ನಮ್ಮ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಗಳಿಗೆ ಆ ಮೊರೆ ಇನ್ನೂ ಮುಟ್ಟಿಲ್ಲ.

ಈ ಮುದ್ರೆಯ ವ್ಯವಹಾರ ಪರದೇಶದಿಂದ ಬಂದ ಹೊಸ ವಿದ್ಯೆಯೇನೂ ಅಲ್ಲ. ಹುಣಸೂರು ಒಂದು ಕಾಲಕ್ಕೆ ಅಮೃತಮಹಲ್ ದನಗಳ ಮುಖ್ಯ ಕೇಂದ್ರವಾಗಿತ್ತು. ಆ ತಳಿಯ ಮೂಲದ ಅರಮನೆ ಹಿಂಡುಗಳನ್ನು ಕಟ್ಟಿದ ಚಿಕ್ಕದೇವರಾಜ ಒಡೆಯರು ತಮ್ಮ ದನಗಳಿಗೆ 'ದೇ' ಎಂಬ ಅಕ್ಷರದ ಮುದ್ರೆ ಹಾಕಿಸಿದ್ದರು. ಎತ್ತು ಒಳ್ಳೆಯದೋ ಕೆಟ್ಟದ್ದೋ ಎಂದು ಆ ಅಕ್ಷರ ಹೇಳುತ್ತಿರಲಿಲ್ಲ, ಯಾರದೆಂದು ಹೇಳುತ್ತಿತ್ತು. ವಚನದ ಕೊನೆಗೆ ಅಂಕಿತ ಬರುವುದೂ ಇದೇ ಬಗೆ. ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತ ಕಂಡೊಡನೆ ಇದು ಅಕ್ಕನ ಮಾತು ಎಂದು ತಿಳಿಯುತ್ತೇವೆ. ವ್ಯಾಪಾರ ಮುದ್ರೆಯ ಕೆಲಸವೂ ಇಷ್ಟೇ: ಸರಕು ಯಾರ ಕೈಯಿಂದ ಬಂತೆಂದು ಮುಖ ಕಾಣದ ಗಿರಾಕಿಗೆ ಹೇಳುವುದು.

ಇದನ್ನೆಲ್ಲ ನಾನು ಯೋಚಿಸಬೇಕಾಗಿ ಬಂದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಅವಳೂ ಅವಳ ತಾಯಿಯೂ ರಾಗಿಯನ್ನು ನೆನೆಸಿ, ನೆರಳಿನಲ್ಲಿ ಆರಿಸಿ, ಕಾದ ಮರಳಿನಲ್ಲಿ ಅರಳಿಸಿ, ಜರಡಿ ಹಿಡಿದು ಬೀಸಿ ಹುರಿಹಿಟ್ಟು ಮಾಡುತ್ತಾರೆ. ಫೋನಿನ ಮೂಲಕ ಮೈಸೂರು, ಬೆಂಗಳೂರುಗಳಿಂದ ಬೇಡಿಕೆ ಬರತೊಡಗಿತ್ತು. ಒಂದು ದಿನ ಮನೆಗೆ ಬಂದವಳು ಕುಳಿತುಕೊಳ್ಳುವ ಮೊದಲೇ ಹೇಳಿದಳು: "ಸರ್, 'ಶುದ್ಧ ಹುರಿಹಿಟ್ಟು' ಅಂತ ಹೆಸರಿಟ್ಟಿದ್ವಿ. ಈಗ ಅದೇ ಹೆಸರಲ್ಲಿ ಇನ್ನೂ ಮೂರು ಜನ ಮಾರ್ತಿದಾರೆ. ಯಾರದೋ ಮುಗ್ಗಲು ಹಿಟ್ಟು ತಿಂದವರು ನಮ್ಮಮ್ಮನಿಗೆ ಫೋನ್ ಮಾಡಿ ಬೈದರು. ಅಮ್ಮ ಎರಡು ದಿನ ಒಲೆ ಹಚ್ಚಲಿಲ್ಲ."

"ಶುದ್ಧ ಅನ್ನೋ ಪದ ಎಲ್ಲರದಮ್ಮ," ಎಂದೆ. "ಅದಕ್ಕೆ ಬೇಲಿ ಹಾಕೋದಕ್ಕೆ ಆಗೋದಿಲ್ಲ."

1999ರ ವ್ಯಾಪಾರ ಮುದ್ರೆ ಕಾಯಿದೆ ಹೇಳುವುದೂ ಸ್ಥೂಲವಾಗಿ ಹೀಗೆಯೇ. ಸರಕಿನ ಗುಣವನ್ನೋ ಹುಟ್ಟಿದ ಊರನ್ನೋ ಬಣ್ಣಿಸುವ ಮಾತು ಸಾಮಾನ್ಯವಾಗಿ ಒಬ್ಬರ ಸ್ವತ್ತಾಗದು. 'ಗುರುಪುರ ಹುರಿಹಿಟ್ಟು' ಎಂದರೆ ಗುರುಪುರದ ಉಳಿದ ಹೆಂಗಸರು ಎಲ್ಲಿಗೆ ಹೋಗಬೇಕು? ಸರಕಿಗೂ ಅರ್ಥಕ್ಕೂ ನಂಟಿಲ್ಲದ ಹೆಸರಿಗೇ ಕಾನೂನಿನಲ್ಲಿ ಬಲ ಹೆಚ್ಚು. ಅರ್ಜಿ ಸಲ್ಲುವುದು ಚೆನ್ನೈ ಕಚೇರಿಗೆ. ಸ್ವಂತ ಹೆಸರಿನಲ್ಲಿ ಅಂತರ್ಜಾಲದ ಮೂಲಕ ಸಲ್ಲಿಸುವವರಿಗೆ ಶುಲ್ಕ 4,500 ರೂಪಾಯಿ. ಅವರು ಒಪ್ಪಿದರೆ ಇಲಾಖೆಯ ಪತ್ರಿಕೆಯಲ್ಲಿ ಪ್ರಕಟವಾಗಿ, ನಾಲ್ಕು ತಿಂಗಳು ಯಾರ ತಕರಾರೂ ಬರದಿದ್ದರೆ ನೋಂದಣಿ. ಹತ್ತು ವರ್ಷದ ಬಾಳಿಕೆ. ನವೀಕರಿಸುತ್ತ ಹೋದರೆ ಎಷ್ಟು ತಲೆಮಾರಿಗಾದರೂ ನಡೆದೀತು.

ಹೋಲುವ ಹೆಸರಿನ ಜಗಳವನ್ನು ತೀರ್ಮಾನಿಸುವ ಬಗೆ ನನಗೆ ಇನ್ನೂ ಸ್ವಾರಸ್ಯವೆನಿಸಿತು. 'ಅಮೃತಧಾರಾ' ಎಂಬ ಔಷಧದವರು 'ಲಕ್ಷ್ಮಣಧಾರಾ' ಎಂಬ ಹೆಸರನ್ನು ವಿರೋಧಿಸಿದ ವ್ಯಾಜ್ಯ 1962ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅಮೃತವೆಲ್ಲಿ, ಲಕ್ಷ್ಮಣನೆಲ್ಲಿ ಎಂದು ನನ್ನಂಥವನು ಸಮಾಸ ಬಿಡಿಸಿ ವಾದಿಸಿಯೇನು. ಆದರೆ ಹಳ್ಳಿಯ ಗಿರಾಕಿ ಪದ ಒಡೆದು ವ್ಯುತ್ಪತ್ತಿ ನೋಡುವುದಿಲ್ಲ, ಮಸುಕು ನೆನಪಿನಿಂದ ಕೊಳ್ಳುತ್ತಾನೆ, ಮೋಸಹೋಗಬಹುದು ಎಂದು ನ್ಯಾಯಾಲಯ ಕಂಡಿತು. ಬಹುಕಾಲ ಪ್ರಾಮಾಣಿಕವಾಗಿ ಬಳಸಿದವರೆಂದು ಎರಡನೆಯವರಿಗೆ ಉತ್ತರ ಪ್ರದೇಶದಲ್ಲಿ ಮಾತ್ರ ಎಡೆಕೊಟ್ಟಿತು. ಅರವತ್ತು ವರ್ಷದ ಈಚೆಗೆ ಅದೇ ಪ್ರಶ್ನೆ ತಂತ್ರಾಂಶದ ಲೋಕಕ್ಕೂ ಬಂತು. ಬೆಂಗಳೂರಿನ ಫೋನ್‌ಪೇ ಕಂಪನಿ 'ಪೇ' ಎಂಬ ಬಾಲಕ್ಕಾಗಿ ಭಾರತ್‌ಪೇ ಮೇಲೆ ದಾವೆ ಹೂಡಿತು. ಪಾವತಿಗೆ ಹೇಳುವ ಮಾತೇ ಅದಾದ್ದರಿಂದ ಆ ಒಂದು ತುಂಡು ನಿಮ್ಮ ಸ್ವತ್ತಲ್ಲ ಎಂದು ದೆಹಲಿ ಹೈಕೋರ್ಟು 2021ರಲ್ಲಿ ತಡೆಯಾಜ್ಞೆ ನಿರಾಕರಿಸಿತು. 2024ರಲ್ಲಿ ಇಬ್ಬರೂ ರಾಜಿಯಾದರು. ನಮ್ಮೂರಿನ ಅಜ್ಜನಿಗೆ ಈ ವಾದವೆಲ್ಲ ಬೇಡ. ಅವನು ನೇರಳೆ ಬಣ್ಣ ನೋಡಿ ಒತ್ತುತ್ತಾನೆ, ಹಿಂದೆ ಚಿತ್ರ ನೋಡಿ ಬೆಂಕಿಪೊಟ್ಟಣ ಕೊಂಡಂತೆ. ಕಾನೂನು ಕಾಯಬೇಕಾದದ್ದು ಇಂಥವನ ನಂಬಿಕೆಯನ್ನೇ.

ಕಂಪ್ಯೂಟರು ಕಲಿತ ತರುಣ ಮಿತ್ರನೊಬ್ಬ ಇದಕ್ಕೆ ಮೂಗು ಮುರಿದ. "ಜ್ಞಾನ ಎಲ್ಲರದೂ ಆಗ್ಬೇಕು ಸರ್. ಮುಕ್ತ ತಂತ್ರಾಂಶದ ಕಾಲದಲ್ಲಿ ಹೆಸರಿಗೆ ಯಾಕೆ ಬೇಲಿ?" ಎಂದ. ಉತ್ತರ ಅವನ ಲೋಕದಲ್ಲಿಯೇ ಇತ್ತು. ಫೈರ್‌ಫಾಕ್ಸ್ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು. ಆದರೆ ತಿದ್ದಿದ್ದನ್ನು ನಮ್ಮ ಒಪ್ಪಿಗೆಯಿಲ್ಲದೆ ನಮ್ಮ ಹೆಸರಿನಲ್ಲಿ ಹಂಚಬೇಡಿ ಎಂದು ಮೊಜಿಲ್ಲಾದವರು ಹಿಡಿದ ಹಟಕ್ಕೆ ಡೆಬಿಯನ್ ಬಳಗದವರು 2006ರಲ್ಲಿ ಅದಕ್ಕೆ 'ಐಸ್‌ವೀಸೆಲ್' ಎಂದು ಮರುನಾಮಕರಣ ಮಾಡಿದರು. ಬೆಂಕಿಯ ಬದಲು ಮಂಜು, ನರಿಯ ಬದಲು ಮುಂಗುಸಿಯಂಥ ಒಂದು ಪ್ರಾಣಿ! ಮುನಿಸು ತೀರಿ ಹಳೆಯ ಹೆಸರು ಮರಳಿದ್ದು 2016ರಲ್ಲಿ. ಒಳಗಿನ ವಿದ್ಯೆ ಊರಿನದು. ಹೊಣೆ ಹೊರುವ ಹೆಸರು ಮಾತ್ರ ಒಬ್ಬರದು. ಹುರಿಹಿಟ್ಟೂ ಹಾಗೆಯೇ ಅಲ್ಲವೆ? ರಾಗಿ ಅರಳಿಸುವ ಹದ ನಾಡಿನ ಅಜ್ಜಿಯರೆಲ್ಲರದು. ಅದನ್ನು ಯಾರೂ ನೋಂದಾಯಿಸಿಕೊಳ್ಳಬೇಕಾಗಿಲ್ಲ. ಈ ಪೊಟ್ಟಣಕ್ಕೆ ನಾನು ಹೊಣೆ ಎಂದು ಹೇಳುವ ಹೆಸರು ಮಾತ್ರ ಆ ತಾಯಿಮಕ್ಕಳದಾಗಬೇಕು.

ಬೇಲಿ ಅತಿಯಾಗುವುದೂ ಉಂಟು. ದೊಡ್ಡವರು ವಕೀಲರನ್ನು ಕಟ್ಟಿಕೊಂಡು ಸಣ್ಣವರನ್ನು ಹೆದರಿಸುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಆದರೂ ನಾನು ಬೇಲಿಯ ಪಕ್ಷ ವಹಿಸುವುದಕ್ಕೆ ಒಂದು ಕಾರಣವಿದೆ. ನಮ್ಮ ತಾಲ್ಲೂಕಿನ ಅನೇಕರಂತೆ ಈ ಹುಡುಗಿಯ ಮನೆಯವರೂ ಹೊಗೆಸೊಪ್ಪು ಬೆಳೆದು ಬಾಳಿದವರು. ನಿದ್ದೆಗೆಟ್ಟು ಸೌದೆ ಉರಿಸಿ ಹದ ಮಾಡಿದ ಸೊಪ್ಪು ಬೇಲ್ ಆಗಿ ತಂಬಾಕು ಮಂಡಳಿಯ ಹರಾಜಿಗೆ ಹೋಗುತ್ತದೆ. ಅಲ್ಲಿ ಅದಕ್ಕೊಂದು ಸಂಖ್ಯೆ, ಒಂದು ದರ್ಜೆ, ಒಂದು ದರ. ಅಲ್ಲಿಂದ ಮುಂದೆ ಸಿಗರೇಟಿನ ಪೆಟ್ಟಿಗೆಯ ಮೇಲೆ ಥಳಥಳಿಸುವುದು ಕಂಪನಿಯ ಹೆಸರು. ಬೆಳೆದವನ ಹೆಸರು ಹೊಗೆಯೊಡನೆಯೂ ಹೋಗುವುದಿಲ್ಲ. ಆ ಮನೆಯಿಂದ ಹೆಸರು ಹೊತ್ತು ಹೊರಜಗತ್ತಿಗೆ ಹೋದ ಮೊದಲ ಸರಕು ಈ ಹುರಿಹಿಟ್ಟು. ತನ್ನದಲ್ಲದ ಹಿಟ್ಟಿಗಾಗಿ ಬೈಸಿಕೊಂಡ ತಾಯಿ ಒಲೆ ಹಚ್ಚದಿದ್ದುದರ ಅರ್ಥ ನನಗೆ ಆಗ ತಿಳಿಯಿತು.

ಹೊಸ ಹೆಸರಿಗಾಗಿ ನಾನು ಸಂಸ್ಕೃತ, ಹಳಗನ್ನಡಗಳ ಕೋಶ ತೆರೆದು ಏಳೆಂಟು ಪದ ಬರೆದುಕೊಟ್ಟೆ. ತಾಯಿ ಅವನ್ನು ಮರ್ಯಾದೆಯಿಂದ ಕೇಳಿ ಪಕ್ಕಕ್ಕಿಟ್ಟು, ಹಿಟ್ಟು ಹುರಿಯುವುದನ್ನು ಕಲಿಸಿದ ತಮ್ಮ ಅತ್ತೆಯನ್ನು ಕೇರಿಯ ಮಕ್ಕಳು ಕರೆಯುತ್ತಿದ್ದ ಅಡ್ಡಹೆಸರನ್ನು ಆರಿಸಿದರು. ಆ ಅಜ್ಜಿಯ ಹೆಸರು ಪಹಣಿಯಲ್ಲಿ ಎಂದೂ ಬಂದಿರಲಿಲ್ಲವಂತೆ. ಯಾವ ನಿಘಂಟಿನಲ್ಲಿಯೂ ಇಲ್ಲದ ಮೂರಕ್ಷರದ ಮಾತು. ಕಾನೂನಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅದು ಏನೆಂದು ಇಲ್ಲಿ ಬರೆಯಲಾರೆ. ಅರ್ಜಿ ಇನ್ನೂ ಚೆನ್ನೈಯಲ್ಲಿದೆ. ಅಲ್ಲದೆ, ಬಿಟ್ಟಿ ಜಾಹೀರಾತೆಂದು ಸಂಪಾದಕರು ಗೊಣಗಿಯಾರು.