ಮೂರನೇ ಎಲೆ

ಅಮ್ಮಿಯ ಪಾನ್‌ದಾನ್ ಈಗ ನನ್ನ ಬಳಿ ಇದೆ. ಅವರ ನಿಕಾಹ್‌ಗೆಂದು ಮಾಮೂ ತಾವೇ ಮಾಡಿಕೊಟ್ಟದ್ದು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಬೀದರಿನ ಚೌಬಾರದ ಹತ್ತಿರದ ಓಣಿಯಲ್ಲಿ ಬಿದ್ರಿ ಕೆಲಸ ಕಲಿಯುತ್ತಿದ್ದರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯಬೇಕು, ಉಳಿಯಿಂದ ಗೆರೆ ಕೊರೆಯಬೇಕು, ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಬೇಕು. ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿ ಮಾಡಿದ ಪಾತ್ರೆಗೆ ಬಳಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಾಮೂ ಅಂಥವರ ಹೆಸರು ಮಾತ್ರ ಯಾವ ಪಾತ್ರೆಯ ಮೇಲೂ ಇಲ್ಲ.

ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಬಹುಪಾಲು ತಿಂದುಹಾಕಿದೆ. ಕಳೆದ ರಮಝಾನಿನಲ್ಲಿ ಹೋಗಿದ್ದಾಗ ಕೇಳಿದರು: "ಬೇಟಿ, ಆಪಾನ ಪಾನ್‌ದಾನಿನ ಮುಚ್ಚಳದ ಮೇಲಿರುವ ಬಳ್ಳಿಯಲ್ಲಿ ಬಲಗಡೆಯ ಮೂರನೇ ಎಲೆ ನೋಡು. ತಂತಿ ಎದ್ದಿದೆಯಾ?"

ಎಲೆ ಅಕ್ಕಿಕಾಳಿನಷ್ಟಿತ್ತು. ನನ್ನ ಕಣ್ಣಿಗೂ ಏನೂ ತಿಳಿಯಲಿಲ್ಲ. "ಫೋಟೋ ತೆಗೆದು ಟಿವಿಯಲ್ಲಿ ದೊಡ್ಡದಾಗಿ ತೋರಿಸುತ್ತೇನೆ ಮಾಮೂ" ಎಂದೆ. ಕಥೆಯೊಂದಕ್ಕೆ ಬಂದ ಬಹುಮಾನದ ಹಣದಲ್ಲಿ ಕೊಂಡ ಕ್ಯಾಮರಾ ಇತ್ತು, ಸಮೀಪ ಚಿತ್ರಣದ ಮ್ಯಾಕ್ರೋ ಲೆನ್ಸೂ ಇತ್ತು. ಇನ್ನೇನು ಬೇಕು ಅಂದುಕೊಂಡಿದ್ದೆ.

ಕೈಯಲ್ಲಿ ಹಿಡಿದು ತೆಗೆದ ಮೂವತ್ತು ಚಿತ್ರಗಳಲ್ಲಿ ಒಂದೂ ಸ್ಪಷ್ಟವಾಗಿರಲಿಲ್ಲ. ವಸ್ತುವನ್ನು ಅದರ ನಿಜ ಗಾತ್ರದಲ್ಲೇ ಸೆರೆಹಿಡಿಯುವಾಗ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಲೆನ್ಸಿನ ಮೂಲಕ ಬರುವ ಬೆಳಕೂ ಕಾಲುಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಅಷ್ಟು ಹೊತ್ತು ನಮ್ಮ ಉಸಿರೂ ಚಿತ್ರವನ್ನು ಕೆಡಿಸುತ್ತದೆ.

ಪೇಟೆಯ ಅಂಗಡಿಯೊಂದರಲ್ಲಿ ಅಗ್ಗದ ಟ್ರೈಪಾಡ್ ತಂದೆ. ಕಡ್ಡಿಯಂಥ ಕಾಲುಗಳು. ನಡುವಿನ ಕಂಬ ಎತ್ತಿದೊಡನೆ ಇಡೀ ಟ್ರೈಪಾಡ್ ನಡುಗುತ್ತಿತ್ತು. ಮೇಲಿನ ಬಾಲ್‌ಹೆಡ್ ಇನ್ನೂ ಮೋಸದ್ದು. ಎಷ್ಟು ಬಿಗಿ ಮಾಡಿದರೂ ಕೈಬಿಟ್ಟ ಕೂಡಲೇ ಕ್ಯಾಮರಾ ಕೂದಲೆಳೆಯಷ್ಟು ಕುಸಿಯುತ್ತಿತ್ತು. ದೂರದ ಬೆಟ್ಟಕ್ಕೆ ಅದು ಲೆಕ್ಕಕ್ಕಿಲ್ಲ. ಇಲ್ಲಿ ಮಾಮೂನ ಎಲೆಯೇ ಚೌಕಟ್ಟಿನಾಚೆ ಹೋಗುತ್ತಿತ್ತು.

ಎರಡನೇ ಸಲ ಪಾನ್‌ದಾನನ್ನೂ ಕ್ಯಾಮರಾವನ್ನೂ ಚೀಲದಲ್ಲಿಟ್ಟುಕೊಂಡು ಬೇರೆ ಅಂಗಡಿಗೆ ಹೋದೆ. ಕಾಲುಗಳು ದಪ್ಪವಿದ್ದು, ಅಗಲವಾಗಿ ಚಾಚಿ ನೆಲದ ಹತ್ತಿರ ಇಳಿಯುವಂತಿರಬೇಕು ಎಂದೆ. ಕಾಲಿನ ಮಡಿಕೆಗಳು ನಾಲ್ಕೈದರ ಬದಲು ಮೂರೇ ಇದ್ದರೆ ಗಟ್ಟಿ. ಹೆಡ್‌ಗೆ ದೊಡ್ಡ ಗುಂಡು ಬೇಕು, ಬಿಗಿತವನ್ನು ಸ್ವಲ್ಪಸ್ವಲ್ಪವೇ ಹೊಂದಿಸಲು ಬೇರೆ ತಿರುಪೂ ಬೇಕು. ಬರೆದಿರುವ ಭಾರದ ಅಂಕಿ ನಮ್ಮ ಕ್ಯಾಮರಾ ಲೆನ್ಸುಗಳ ತೂಕದ ಎರಡು ಮೂರು ಪಟ್ಟಾದರೂ ಇರಲಿ. ಆದರೆ ಅಂಕಿಯನ್ನಷ್ಟೇ ನಂಬಲು ನನಗೆ ಧೈರ್ಯ ಬರಲಿಲ್ಲ. ಅಲ್ಲೇ ಕ್ಯಾಮರಾ ಕೂರಿಸಿ, ಎಲೆಗೆ ಗುರಿಯಿಟ್ಟು, ತಿರುಪು ಬಿಗಿದು ಕೈಬಿಟ್ಟೆ. ಮೂರನೆಯ ಹೆಡ್‌ನಲ್ಲಿ ಎಲೆ ಕದಲಲಿಲ್ಲ. ಅಂಗಡಿಯವನು ನಕ್ಕ. ನನಗೆ ನಾಚಿಕೆಯೇನೂ ಆಗಲಿಲ್ಲ. ಬೆಲೆ ಕೇಳಿದಾಗ ಮಾತ್ರ ಎದೆ ಹೊಡೆದುಕೊಂಡಿತು.

ಮಾಮೂನ ಕಿಟಕಿಯ ಬಳಿ ಟ್ರೈಪಾಡ್ ನಿಲ್ಲಿಸಿದೆ. ಬಟನ್ ಒತ್ತುವ ಬೆರಳೂ ಅಲುಗಿಸಬಾರದೆಂದು ಟೈಮರ್ ಇಟ್ಟು ದೂರ ಸರಿದೆ. ಸಂಜೆ ಎಲೆಯು ಟಿವಿಯ ತುಂಬ ಬಂತು. ಮಾಮೂ ಎದ್ದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಬಹಳ ಹೊತ್ತು ಏನೂ ಮಾತಾಡಲಿಲ್ಲ.

ತಂತಿ ಎದ್ದಿರಲಿಲ್ಲ. ಆದರೆ ಎಲೆಯ ಅಂಚಿನಲ್ಲಿ ಉಳಿ ಜಾರಿದ ಒಂದು ಸಣ್ಣ ಗೆರೆ ಇತ್ತು. ಮಾಮೂ ಅದರ ಮೇಲೆ ಬೆರಳಿಟ್ಟರು.

"ಅವತ್ತು ನನ್ನ ಕೈ ನಡುಗಿತು ಬೇಟಿ. ನಾಳೆ ಆಪಾ ಮನೆ ಬಿಟ್ಟು ಹೋಗುತ್ತಾಳಲ್ಲ ಅಂತ. ಉಸ್ತಾದರಿಗೆ ಕಾಣಿಸಲಿಲ್ಲ. ಆಪಾಗೂ ಹೇಳಲಿಲ್ಲ."

ಅಮ್ಮಿ ನಲವತ್ತು ವರ್ಷ ಆ ಮುಚ್ಚಳವನ್ನು ದಿನಾ ತೆರೆದು ಮುಚ್ಚಿದ್ದರು. ಅವರು ಆ ಗೆರೆಯನ್ನು ಕಂಡಿದ್ದರೋ ಇಲ್ಲವೋ, ಕೇಳೋಣವೆಂದರೆ ಈಗ ಅವರಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಾಮೂ ಟ್ರೈಪಾಡಿನ ಕಾಲು ಸವರಿ, ಗುಂಡನ್ನು ತಿರುಗಿಸಿ ನೋಡಿ, "ಒಳ್ಳೆಯ ಕೆಲಸ. ಎಷ್ಟು ಕೊಟ್ಟೆ?" ಎಂದರು. ನಾನು ಅರ್ಧ ಬೆಲೆ ಹೇಳಿದೆ.

"ಇಷ್ಟರಲ್ಲಿ ಎಷ್ಟು ಬೆಳ್ಳಿ ತಂತಿ ಬರುತ್ತಿತ್ತು!" ಎಂದು ಬೈದರು. ಮತ್ತೆ ಟಿವಿಯ ಕಡೆ ತಿರುಗಿ, "ನಾಲ್ಕನೇ ಎಲೆಯನ್ನೂ ತೋರಿಸು" ಎಂದರು.