ನ್ಯೂರ್‌ಬುರ್ಗಿನ ಚಕ್ರಪಥ

ಜರ್ಮನಿಯ ಪಶ್ಚಿಮಭಾಗದಲ್ಲಿ ಐಫೆಲ್ ಎಂಬ ಗುಡ್ಡಗಾಡು ಪ್ರಾಂತವೊಂದುಂಟು. ಸಂಸ್ಕೃತಾಭ್ಯಾಸಿಗಳಿಗೆ ಶ್ಲೇಗೆಲ್ ಪಂಡಿತನ ಊರೆಂದು ಪರಿಚಿತವಾದ ಬಾನ್ ನಗರದಿಂದ ದಕ್ಷಿಣಕ್ಕೆ ಸುಮಾರು ೬೦ ಕಿಲೋಮೀಟರು ಪ್ರಯಾಣ ಮಾಡಿದರೆ, ದಟ್ಟವಾದ ಕಾಡುಗಳ ನಡುವೆ, ಪಾಳುಬಿದ್ದ ಕೋಟೆಯೊಂದನ್ನು ನೆತ್ತಿಯಲ್ಲಿ ಧರಿಸಿದ ಬೆಟ್ಟವೂ ಅದರ ಮಗ್ಗುಲಲ್ಲಿ ನ್ಯೂರ್‌ಬುರ್ಗ್ ಎಂಬ ಪುಟ್ಟ ಹಳ್ಳಿಯೂ ಕಾಣುತ್ತವೆ. ಈ ಕೋಟೆಗೆ ಪ್ರದಕ್ಷಿಣೆ ಬರುವಂತೆ ಕಟ್ಟಿದ ಮೋಟಾರು ಪಂದ್ಯದ ಹಾದಿಯೇ ಲೋಕಪ್ರಸಿದ್ಧವಾದ ನ್ಯೂರ್‌ಬುರ್ಗ್‌ರಿಂಗ್. ಪಂದ್ಯಗಳಲ್ಲಿ ಆಸಕ್ತಿಯಿಲ್ಲದ ವಾಚಕರೂ ಈ ಸ್ಥಳದ ವೃತ್ತಾಂತವನ್ನು ಕೇಳಬಹುದು. ಏಕೆಂದರೆ ಮನೆಯ ಕಾರಿಗೆ ಎಂಥ ಟಯರು ಹಾಕಿಸಬೇಕೆಂಬ ಗೃಹಕೃತ್ಯದ ವಿಚಾರವನ್ನು ಇದು ಚೆನ್ನಾಗಿ ಬೋಧಿಸುತ್ತದೆ.

ಬಡತನದ ಈ ಸೀಮೆಯಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಬೇಕೆಂಬ ಉದ್ದೇಶವೂ ಸೇರಿ, ೧೯೨೫ರಲ್ಲಿ ಹಾದಿಯ ನಿರ್ಮಾಣವು ಆರಂಭವಾಗಿ, ೧೯೨೭ರ ಜೂನ್ ತಿಂಗಳಲ್ಲಿ ಮೊದಲ ಪಂದ್ಯಗಳು ನಡೆದುವು. ಉತ್ತರದ ಸುತ್ತು ಎಂದು ಹೆಸರಾದ ಭಾಗವು ಈಗಲೂ ೨೦.೮ ಕಿಲೋಮೀಟರು ಉದ್ದವಿದ್ದು, ಅದರಲ್ಲಿ ೭೦ಕ್ಕೂ ಹೆಚ್ಚು ತಿರುವುಗಳಿವೆ. ತಗ್ಗಿಗೂ ದಿಣ್ಣೆಗೂ ಸುಮಾರು ೩೦೦ ಮೀಟರಿನ ಅಂತರವಿದೆ. ಸುತ್ತು ಇಷ್ಟು ದೀರ್ಘವಾದುದರಿಂದ ಒಂದು ಮೂಲೆಯಲ್ಲಿ ಬಿಸಿಲಿರುವಾಗಲೇ ಇನ್ನೊಂದು ಮೂಲೆಯಲ್ಲಿ ಮಳೆ ಸುರಿಯುವುದುಂಟು. ೧೯೬೮ರಲ್ಲಿ ಮಳೆ ಮತ್ತು ಮಂಜಿನ ನಡುವೆ ನಡೆದ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಜಾಕಿ ಸ್ಟೂವರ್ಟನು ಎರಡನೆಯವನಿಗಿಂತ ನಾಲ್ಕು ನಿಮಿಷಕ್ಕೂ ಹೆಚ್ಚು ಮುಂದಾಗಿ ಗೆದ್ದನು. ಆತನ ಚಾತುರ್ಯದೊಡನೆ, ನೀರಿನಲ್ಲಿ ನೆಲವನ್ನು ಬಿಡದ ಡನ್‌ಲಪ್ ಟಯರುಗಳಿಗೂ ಆ ಜಯದಲ್ಲಿ ಪಾಲುಂಟು. ಈ ಹಾದಿಗೆ ‘ಹಸಿರು ನರಕ’ವೆಂಬ ಹೆಸರನ್ನಿಟ್ಟವನೂ ಆತನೇ. ೧೯೭೬ರಲ್ಲಿ ನಿಕಿ ಲೌಡನು ಇಲ್ಲಿ ಬೆಂಕಿಗೆ ಸಿಕ್ಕಿ ಮರಣದ ಬಾಗಿಲಿನಿಂದ ಹಿಂದಿರುಗಿದ ಮೇಲೆ ಫಾರ್ಮುಲಾ ಒಂದರ ಮಹಾಪಂದ್ಯಗಳು ಈ ಸುತ್ತನ್ನು ಬಿಟ್ಟುಹೋದುವು.

ಇಲ್ಲಿಯ ವಿಶೇಷವೇನೆಂದರೆ, ಪಂದ್ಯವಿಲ್ಲದ ನಿಯತ ದಿನಗಳಲ್ಲಿ ಹಣ ತೆತ್ತು ಯಾರು ಬೇಕಾದರೂ ತಮ್ಮ ಸ್ವಂತ ಗಾಡಿಯನ್ನು ಈ ಹಾದಿಯಲ್ಲಿ ಓಡಿಸಬಹುದು. ಆದರೆ ಆಗ ಇದು ಪಂದ್ಯದ ಕಣವಲ್ಲ. ರಾಜಮಾರ್ಗದ ನಿಯಮಗಳೇ ಇಲ್ಲಿಯೂ ಸಲ್ಲುತ್ತವೆ. ಬಲಗಡೆಯಿಂದ ಹಿಂದೆಹಾಕಕೂಡದು; ಗಡಿಯಾರ ಹಿಡಿದು ಸ್ಪರ್ಧಿಸಕೂಡದು; ರಸ್ತೆಗೆ ಒಪ್ಪಿಗೆ ಪಡೆದ ಟಯರುಗಳೇ ಇರಬೇಕು.

ನನ್ನ ಮಗನು ಬಾನ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಅವನಲ್ಲಿರುವುದು ಒಂದೇ ಕಾರು. ಮಗುವನ್ನು ಪಾಠಶಾಲೆಗೆ ಬಿಡುವುದು, ಸೊಸೆಯು ಅಂಗಡಿಗೆ ಹೋಗಿಬರುವುದು ಎಲ್ಲವೂ ಅದರಲ್ಲಿಯೇ. ಬೇಸಿಗೆಯಲ್ಲಿ ಮೂರು ನಾಲ್ಕು ಸಾರಿ ಇವನು ಅದನ್ನು ಈ ಸುತ್ತಿಗೂ ಕೊಂಡೊಯ್ಯುವನು. ಟಯರುಗಳು ಸವೆದಿದ್ದುವು, ಪಂದ್ಯಕ್ಕೆ ಸಮೀಪವಾದ ಜಾತಿಯವನ್ನು ಕೊಳ್ಳಬೇಕೆಂದು ಅವನ ಮನಸ್ಸು. “ಮಳೆಯಲ್ಲಿ ಮಗುವನ್ನು ಕೂರಿಸಿಕೊಂಡು ಓಡಿಸುವವಳು ನಾನಲ್ಲವೇ?” ಎಂದು ಸೊಸೆಯು ಕೇಳಿದಳು. ಹೀಗೆ ವಿಚಾರವು ಊಟದ ಮನೆಯಲ್ಲಿ ಉಳಿದಿರಲು, ಒಂದು ಭಾನುವಾರ ಮಗನು ನನ್ನನ್ನು ಅಲ್ಲಿಗೆ ಕರೆದೊಯ್ದನು.

ಅವನು ಸುತ್ತು ಹಾಕುತ್ತಿರುವಾಗ ನಾನು ಗಾಡಿಗಳು ನಿಲ್ಲುವ ಬಯಲಿನಲ್ಲಿ ತಿರುಗಾಡುತ್ತ, ಶಿಲಾಶಾಸನಗಳನ್ನು ಓದುವವನಂತೆ ಟಯರುಗಳ ಪಾರ್ಶ್ವಗಳನ್ನು ಓದಿದೆನು. ಅಲ್ಲಿ ವ್ಯರ್ಥವಾದ ಅಕ್ಷರವಿಲ್ಲ. ‘೨೨೫/೪೫ ಆರ್ ೧೭’ ಎಂದಿದ್ದರೆ, ಅಗಲ ೨೨೫ ಮಿಲಿಮೀಟರು. ಪಾರ್ಶ್ವದ ಎತ್ತರವು ಅದರ ನೂರಕ್ಕೆ ೪೫ ಪಾಲು, ಎಂದರೆ ಸುಮಾರು ೧೦೧ ಮಿಲಿಮೀಟರು. ‘ಆರ್’ ಎಂಬುದು ರೇಡಿಯಲ್ ರಚನೆ. ೧೭ ಅಂಗುಲದ ಚಕ್ರಕ್ಕೆ ತಕ್ಕುದು. ಮುಂದೆ ‘೯೧ ವೈ’ ಎಂದಿದ್ದರೆ, ಟಯರೊಂದು ೬೧೫ ಕಿಲೋಗ್ರಾಂ ಭಾರವನ್ನೂ ಗಂಟೆಗೆ ೩೦೦ ಕಿಲೋಮೀಟರು ವೇಗವನ್ನೂ ತಾಳಬಲ್ಲುದು. ನಾಲ್ಕಂಕಿಯ ಮುದ್ರೆಯೊಂದು ಹುಟ್ಟಿದ ಕಾಲವನ್ನು ಹೇಳುತ್ತದೆ: ‘೨೪೨೩’ ಎಂದರೆ ೨೦೨೩ನೆಯ ವರ್ಷದ ೨೪ನೆಯ ವಾರ. ಕೆಲವುಗಳಲ್ಲಿ ಸವೆತದ ಅಂಕವೂ ಇರುವುದು. ಅದು ೩೦೦ರ ಆಸುಪಾಸಿನಲ್ಲಿದ್ದರೆ ನಿತ್ಯದ ಓಡಾಟಕ್ಕೂ ಬಾಳುವ ಗುಣ. ೨೦೦ಕ್ಕೆ ಇಳಿಯಿತೆಂದರೆ ಮೆತ್ತನೆಯ, ಬೇಗ ಕರಗುವ ರಬ್ಬರು.

ಪಂದ್ಯಕ್ಕೆ ಸಮೀಪವಾದ ಟಯರಿನಲ್ಲಿ ನೀರು ಹರಿಯುವ ತೋಡುಗಳು ಕಡಿಮೆ, ಆಳವೂ ಕಡಿಮೆ. ಒಣನೆಲದಲ್ಲಿ ಕಾದಾಗ ಅದು ಅಂಟಿನಂತೆ ಹಿಡಿಯುತ್ತದೆ, ನಿಜ. ಆದರೆ ಬೆಳಗಿನ ಚಳಿಯಲ್ಲಿ, ಇನ್ನೂ ಕಾಯದ ಸ್ಥಿತಿಯಲ್ಲಿ, ಆ ಹಿಡಿತವು ಬಹುಮಟ್ಟಿಗೆ ಇರುವುದಿಲ್ಲ. ನಿಂತ ನೀರಿನ ಮೇಲೆ ಅದು ನೆಲವನ್ನು ಬಿಟ್ಟು ತೇಲುವ ಭಯವೂ ಹೆಚ್ಚು. ಕಾರು ಭೂಮಿಯನ್ನು ಮುಟ್ಟುವುದು ಚಕ್ರಕ್ಕೆ ಒಂದು ಅಂಗೈಯಷ್ಟು ಸ್ಥಳದಲ್ಲಿ ಮಾತ್ರ. ಸಂಸಾರದ ಪ್ರಾಣವು ಆ ನಾಲ್ಕು ಅಂಗೈಗಳಲ್ಲಿದೆ. ಕ್ರೀಡಾಗುಣವುಳ್ಳ ಬೇಸಿಗೆಯ ರಸ್ತೆ ಟಯರಾದರೋ ಸುತ್ತಿನಲ್ಲಿ ಮೊದಲೇ ದಣಿಯುತ್ತದೆ. ಎಡೆಬಿಡದೆ ಓಡಿಸಿದರೆ ಅತಿಯಾಗಿ ಕಾದು ಜಾರತೊಡಗುತ್ತದೆ, ಅಂಚುಗಳು ಸವೆಯುತ್ತವೆ. ಆದರೆ ಜಾರುವ ಮುನ್ನ ಕಿರುಗುಟ್ಟಿ ಎಚ್ಚರಿಸುತ್ತದೆ. ಕಲಿಯುವವನಿಗೆ ಆ ಎಚ್ಚರಿಕೆಯೇ ಗುರು.

ಗಾಳಿಯ ವಿಷಯವೂ ಮುಖ್ಯ. ಶಾಖವು ೧೦ ಡಿಗ್ರಿ ಏರಿದಂತೆಲ್ಲ ಒತ್ತಡವು ಸುಮಾರು ೦.೧ ಬಾರ್ ಹೆಚ್ಚುತ್ತದೆ. ಆದುದರಿಂದ ಸುತ್ತಿನಲ್ಲಿ ಕಾದ ಟಯರಿನಿಂದ ಕೆಲವರು ಗಾಳಿಯನ್ನು ಬಿಡುವರು. ಹಾಗೆ ಬಿಟ್ಟವರು ಮರಳುವಾಗ ತುಂಬಿಸಿಕೊಳ್ಳದಿದ್ದರೆ, ಟಯರು ತಣ್ಣಗಾದ ಮೇಲೆ ಗಾಳಿ ಸಾಲದೆ, ಹೆದ್ದಾರಿಯ ವೇಗಕ್ಕೆ ಪಾರ್ಶ್ವಗಳು ಮಡಿದು ಕಾದು ಸಿಡಿಯುವ ಸಂಭವವುಂಟು. ಆಟದಲ್ಲಿ ತಪ್ಪಿದ ಅಪಾಯವು ಹೀಗೆ ದಾರಿಯಲ್ಲಿ ಕಾಯುತ್ತಿರಬಹುದು.

ಸಂಜೆಗೆ ಮಗನೇ ನಿರ್ಣಯಕ್ಕೆ ಬಂದನು. ಬೇಸಿಗೆಗೆ ಕ್ರೀಡಾಗುಣವುಳ್ಳ ರಸ್ತೆ ಟಯರು; ಕೊಳ್ಳುವಾಗ ಯೂರೋಪಿನ ಗುಣಪತ್ರದಲ್ಲಿ ಒದ್ದೆನೆಲದ ಹಿಡಿತಕ್ಕೆ ‘ಎ’ ಶ್ರೇಣಿಯಿರುವುದನ್ನೇ ಆರಿಸತಕ್ಕದ್ದು. ಸುತ್ತಿಗೆ ಹೋದಾಗ ಒಂದು ಸುತ್ತು ಮುಗಿಸಿ ಗಾಡಿಗೆ ವಿಶ್ರಾಂತಿ. ಚಳಿಗಾಲಕ್ಕೆ ಬೇರೆ ಜೊತೆ. ಏಕೆಂದರೆ ಶಾಖವು ೭ ಡಿಗ್ರಿಗಿಂತ ಇಳಿದರೆ ಬೇಸಿಗೆಯ ರಬ್ಬರು ಬಿರುಸಾಗುವುದು, ಐಫೆಲ್ ಬೆಟ್ಟಗಳಲ್ಲಿ ಏಪ್ರಿಲಿನಲ್ಲಿಯೂ ಹಿಮ ಬೀಳುವುದುಂಟು. ಸುತ್ತಿಗೆ ವರ್ಷದಲ್ಲಿ ನಾಲ್ಕು ದಿನ, ಸಂಸಾರಕ್ಕೆ ಉಳಿದ ದಿನಗಳೆಲ್ಲ. ಟಯರು ಯಾರ ಸೇವೆಗೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಕಾಳಿದಾಸನು ರಘುವಂಶದಲ್ಲಿ ದಿಲೀಪನ ಪ್ರಜೆಗಳನ್ನು, ನಡೆದ ದಾರಿಯಿಂದ ಗೆರೆಯಷ್ಟೂ ಆಚೆ ಸರಿಯದ ರಥದ ನೇಮಿಗಳಿಗೆ ಹೋಲಿಸಿದ್ದಾನೆ. ನೇಮಿಯ ಧರ್ಮವು ಅದೇ: ದಾರಿ ಬಿಡದಿರುವುದು. ಆಗುಂಬೆಯ ಘಟ್ಟವನ್ನು ಆಷಾಢದ ಮಳೆಯಲ್ಲಿ ಇಳಿಯುವ ನಮ್ಮವರಿಗೂ ಇದು ಅನ್ವಯಿಸುತ್ತದೆ. ಆ ದೇಶದವರು ತೋಡಿನ ಆಳವನ್ನು ನೋಡಲು ೧ ಯೂರೋ ನಾಣ್ಯವನ್ನು ಅದರಲ್ಲಿ ನಿಲ್ಲಿಸುವರು. ನಾಣ್ಯದ ಹೊಂಬಣ್ಣದ ಅಂಚಿನ ಅಗಲ ೩ ಮಿಲಿಮೀಟರು. ಅದು ಪೂರ್ತಿಯಾಗಿ ಮುಳುಗದಿದ್ದರೆ ಬೇಸಿಗೆಯ ಟಯರು ಬದಲಿಸುವ ಕಾಲವೆಂದು ತಿಳಿಯುವರು. ನಮ್ಮಲ್ಲಿ ಸಣ್ಣ ಅಳತೆಪಟ್ಟಿಯೊಂದು ಸಾಕು. ವಾಚಕರು ಮಳೆಗಾಲಕ್ಕೆ ಮುಂಚೆ ಒಮ್ಮೆ ಬಗ್ಗಿ ನೋಡಲಿ.